ಅಂಗಳ ದಾಟದ ಅಂಚೆಚೀಟಿಗಳು

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೆ ಹೋದವರು ನೋಡಲೇಬೇಕೆಂದು ಬಲ್ಲವರು ಹೇಳುವ ಸ್ಥಳಗಳ ಪಟ್ಟಿ ದೊಡ್ಡದು. ಶ್ವೇತಭವನ, ಸಂಸದ್ಭವನದ ಗುಮ್ಮಟ, ಲಿಂಕನ್ ಸ್ಮಾರಕ, ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯ ಇವುಗಳನ್ನು ಕುರಿತ ಪ್ರವಾಸಕಥನಗಳು ಬೇಕಾದಷ್ಟು ಬಂದಿವೆ. ಅದನ್ನೇ ಮತ್ತೆ ಬರೆದು ವಾಚಕರ ತಾಳ್ಮೆಯನ್ನು ಪರೀಕ್ಷಿಸುವ ಇಚ್ಛೆ ನಮಗಿಲ್ಲ. ಆ ಪಟ್ಟಿಯ ಕೊನೆಯಲ್ಲೆಲ್ಲೋ ಸೇರುವ, ಎಷ್ಟೋ ಜನ ನೋಡದೆಯೇ ಹಿಂದಿರುಗುವ ಒಂದು ಕಟ್ಟಡದ ವಿಚಾರವನ್ನು ಇಲ್ಲಿ ನಿವೇದಿಸುತ್ತೇವೆ. ಅದು ಯೂನಿಯನ್ ಸ್ಟೇಷನ್ ಎಂಬ ಭವ್ಯವಾದ ರೈಲು ನಿಲ್ದಾಣದ ಮಗ್ಗುಲಿನಲ್ಲಿಯೇ ಇರುವ ರಾಷ್ಟ್ರೀಯ ಅಂಚೆ ವಸ್ತುಸಂಗ್ರಹಾಲಯ.

ಕಟ್ಟಡ 1914ರದು. 1986ರವರೆಗೆ ಅದು ನಗರದ ಮುಖ್ಯ ಅಂಚೆ ಕಚೇರಿಯಾಗಿತ್ತು. ರೈಲಿನಿಂದ ಇಳಿದ ಟಪಾಲು ಚೀಲಗಳು ಅಧಿಕ ದೂರ ಹೋಗಬೇಕಾಗದಂತೆ ನಿಲ್ದಾಣಕ್ಕೆ ಅಂಟಿಕೊಂಡಂತೆಯೇ ಅದನ್ನು ಕಟ್ಟಿದರು. 1993ರ ಜುಲೈ ತಿಂಗಳಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಆಶ್ರಯದಲ್ಲಿ ಅಲ್ಲಿ ಸಂಗ್ರಹಾಲಯ ತೆರೆಯಿತು. ಪ್ರವೇಶಕ್ಕೆ ಶುಲ್ಕವಿಲ್ಲ. ಒಳಗೆ ಇಳಿದರೆ ಎತ್ತರವಾದ ಗಾಜಿನ ಮಾಡಿನ ಅಂಗಣ; ಮೇಲೆ ತೂಗುಹಾಕಿದ ಹಳೆಯ ಟಪಾಲು ವಿಮಾನಗಳು; ಕೆಳಗೆ ಕುದುರೆ ಎಳೆಯುತ್ತಿದ್ದ ಟಪಾಲು ಬಂಡಿ, ಚಲಿಸುವ ರೈಲಿನಲ್ಲೇ ಪತ್ರಗಳನ್ನು ವಿಂಗಡಿಸುತ್ತಿದ್ದ ಡಬ್ಬಿ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಓನಿ ಎಂಬ ನಾಯಿಯ ಒಡಲನ್ನು ಕಾಪಾಡಿಟ್ಟಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟಪಾಲು ರೈಲುಗಳಲ್ಲಿ ಊರೂರು ಸುತ್ತಿದ ಈ ನಾಯಿಯ ಮೈಮೇಲೆ ಹೋದಲ್ಲೆಲ್ಲ ಸಿಬ್ಬಂದಿಗಳು ಕಟ್ಟಿದ ಲೋಹದ ಬಿಲ್ಲೆಗಳ ರಾಶಿಯೇ ಇದೆ.

"ಅಜ್ಜ, ಈ ನಾಯಿಗೆ ಸಂಬಳ ಉಂಟಾ?" ಎಂದು ಜೊತೆಗಿದ್ದ ಮೊಮ್ಮಗಳು ಕೇಳಿದಳು.

"ಸಂಬಳ ಇಲ್ಲ ಮಗಾ, ಬಿಲ್ಲೆ ಮಾತ್ರ" ಎಂದೆವು. ಸರಕಾರಿ ಕೆಲಸದಲ್ಲಿ ಹಾಗೂ ಉಂಟೆಂದು ಅವಳಿಗೆ ಆಶ್ಚರ್ಯವಾಯಿತು.

ನಮ್ಮ ಗುರಿ ಇದ್ದುದು 2013ರಲ್ಲಿ ತೆರೆದ ವಿಲಿಯಂ ಗ್ರಾಸ್ ಅಂಚೆಚೀಟಿ ವಿಭಾಗದಲ್ಲಿ. ಅಲ್ಲಿ ಅಲಮಾರಿಗಳಂತಹ ಚೌಕಟ್ಟುಗಳನ್ನು ಒಂದೊಂದಾಗಿ ಹೊರಗೆಳೆದು, ನಿಂತಲ್ಲೇ ನಿಂತು, ಸಾವಧಾನವಾಗಿ ಚೀಟಿಗಳನ್ನು ನೋಡಬಹುದು. ವಿಮಾನದ ಚಿತ್ರ ತಲೆಕೆಳಗಾಗಿ ಅಚ್ಚಾದ 1918ರ ಚೀಟಿಯ ಮುಂದೆ ಜನ ಸೇರುತ್ತಾರೆ. ನಾವು ಹುಡುಕಿಕೊಂಡು ಹೋದದ್ದು ಅಷ್ಟೇನೂ ಪ್ರಸಿದ್ಧವಲ್ಲದ ಒಂದು ಕುಲವನ್ನು: ವೃತ್ತಪತ್ರಿಕೆಗಳಿಗೆಂದೇ ಅಮೆರಿಕ ಸರಕಾರ ಅಚ್ಚುಹಾಕಿಸಿದ ಅಂಚೆಚೀಟಿಗಳನ್ನು.

ಇವುಗಳ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವತಂತ್ರ ಅಮೆರಿಕ 1792ರಲ್ಲಿ ಮಾಡಿದ ಅಂಚೆ ಕಾನೂನಿನಲ್ಲಿ ಒಂದು ಪತ್ರಕ್ಕೆ ದೂರಕ್ಕೆ ತಕ್ಕಂತೆ 6ರಿಂದ 25 ಸೆಂಟುಗಳವರೆಗೆ ದರವಿತ್ತು. ವೃತ್ತಪತ್ರಿಕೆಗಾದರೋ ನೂರು ಮೈಲಿಯವರೆಗೆ ಒಂದೇ ಸೆಂಟು, ಅದಕ್ಕೂ ಮೀರಿದರೆ ಒಂದೂವರೆ ಸೆಂಟು. ಸಂಪಾದಕರು ತಮ್ಮತಮ್ಮೊಳಗೆ ವಿನಿಮಯ ಮಾಡಿಕೊಳ್ಳುವ ಪತ್ರಿಕೆಗಳಿಗೆ ದರವೇ ಇರಲಿಲ್ಲ. ಜನರ ಆಳ್ವಿಕೆ ನಡೆಯಬೇಕಾದರೆ ಜನರಿಗೆ ಸುದ್ದಿ ತಲುಪಬೇಕು, ತಲುಪಬೇಕಾದರೆ ಅದು ಅಗ್ಗವಾಗಿರಬೇಕು ಎಂಬುದು ಅದರ ಹಿಂದಿನ ತತ್ತ್ವ. ಆದರೆ ಹಣವನ್ನು ಬಹುಮಟ್ಟಿಗೆ ಚಂದಾದಾರನೇ ತನ್ನ ಊರಿನ ಅಂಚೆ ಕಚೇರಿಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಪದ್ಧತಿಯಿತ್ತು. ಎಷ್ಟೋ ಹಣ ವಸೂಲಾಗದೆಯೇ ಹೋಗುತ್ತಿತ್ತು.

ವೃತ್ತಪತ್ರಿಕೆಯ ಮೊದಲ ಚೀಟಿಗಳು ಹೊರಬಂದುದು 1865ರಲ್ಲಿ. ದೊಡ್ಡ ದೊಡ್ಡ ಪತ್ರಿಕಾ ಕಟ್ಟುಗಳನ್ನು ರೈಲಿನಲ್ಲಿ ಸಾಗಿಸುವ ವ್ಯಾಪಾರವನ್ನು ಖಾಸಗಿ ಕಂಪೆನಿಗಳು ಕಸಿದುಕೊಂಡಿದ್ದುವು. ಅದನ್ನು ಮರಳಿ ಪಡೆಯಲು ಅಂಚೆ ಇಲಾಖೆ ಮೂರು ಚೀಟಿಗಳನ್ನು ತಂದಿತು: 5 ಸೆಂಟಿನದು ವಾಷಿಂಗ್ಟನ್ನನ ಚಿತ್ರವುಳ್ಳ ನೀಲಿ, 10 ಸೆಂಟಿನದು ಫ್ರಾಂಕ್ಲಿನ್ನನ ಹಸಿರು, 25 ಸೆಂಟಿನದು ಲಿಂಕನ್ನನ ಕೆಂಪು. ಗಾತ್ರವೋ, ಸುಮಾರು 5 ಸೆಂಟಿಮೀಟರು ಅಗಲ, 9.5 ಸೆಂಟಿಮೀಟರು ಎತ್ತರ. ಇಸ್ಪೀಟಿನ ಎಲೆಗಿಂತ ತುಸು ಕಿರಿದು, ತುಸು ಉದ್ದ. ಲಿಂಕನ್ ಗುಂಡೇಟಿಗೆ ಬಲಿಯಾದುದು ಅದೇ ವರ್ಷದ ಏಪ್ರಿಲಿನಲ್ಲಿ. ಸಾಮಾನ್ಯ ಪತ್ರಗಳಿಗಾಗಿ ಅವನ ಮುಖವುಳ್ಳ 15 ಸೆಂಟಿನ ಕಪ್ಪು ಚೀಟಿ ಬರುವ ಮೊದಲೇ, ಪತ್ರಿಕೆಯ ಕಟ್ಟುಗಳ ಮೇಲೆ ಅವನು ಕಾಣಿಸಿಕೊಂಡಿದ್ದನು. ಈ ಚೀಟಿಗಳಿಗೆ ಗೋಂದು ಹಚ್ಚುತ್ತಿರಲಿಲ್ಲ. ಕಟ್ಟಿನ ಮೇಲೆ ಅಂಟಿಸಿ, ಕುಂಚದಿಂದ ಒಂದು ಗೆರೆ ಬಳಿದು ರದ್ದುಮಾಡುತ್ತಿದ್ದರು. ಕಟ್ಟು ಬಿಚ್ಚಿದವನು ಹೊದಿಕೆಯನ್ನು ಕಸಕ್ಕೆ ಎಸೆಯುತ್ತಿದ್ದನು. ಬಳಕೆಯಾದ ಪ್ರತಿಗಳು ವಿರಳವಾಗಲು ಬೇರೆ ಕಾರಣ ಬೇಕೆ?

ನಿಜವಾದ ಮಾರ್ಪಾಡು ಬಂದುದು 1875ರ ಜನವರಿ 1ರಂದು. ಹಿಂದಿನ ವರ್ಷ ಮಾಡಿದ ಕಾನೂನಿನಂತೆ ಅಂದಿನಿಂದ ಪ್ರಕಾಶಕನೇ ಮುಂಗಡವಾಗಿ, ಪ್ರತಿಗಳ ಲೆಕ್ಕದಲ್ಲಲ್ಲದೆ ತೂಕದ ಲೆಕ್ಕದಲ್ಲಿ ಹಣ ಕಟ್ಟಬೇಕಾಯಿತು. ವಾರಕ್ಕೊಮ್ಮೆಯೋ ಅದಕ್ಕಿಂತ ಹೆಚ್ಚಾಗಿಯೋ ಬರುವ ಪತ್ರಿಕೆಗೆ ಪೌಂಡಿಗೆ 2 ಸೆಂಟು. ಅದಕ್ಕಿಂತ ಅಪರೂಪವಾಗಿ ಬರುವುದಕ್ಕೆ 3 ಸೆಂಟು. ಇದಕ್ಕಾಗಿ 2 ಸೆಂಟಿನಿಂದ ಹಿಡಿದು 60 ಡಾಲರಿನವರೆಗೆ 24 ಬಗೆಯ ಚೀಟಿಗಳು ಸಿದ್ಧವಾದುವು. ಅರುವತ್ತು ಡಾಲರಿನ ಒಂದು ಚೀಟಿಯೆಂದರೆ ಎರಡು ಸೆಂಟಿನ ದರದಲ್ಲಿ ಮೂರು ಸಾವಿರ ಪೌಂಡು ಸುದ್ದಿ! ಸುದ್ದಿಯನ್ನೂ ಬೆಲ್ಲದಂತೆ ತಕ್ಕಡಿಯಲ್ಲಿ ತೂಗಿದ ಕಾಲವದು.

ಇಲ್ಲಿಯೇ ಸಂಗ್ರಾಹಕನ ಸಂಕಟ ಆರಂಭವಾಗುತ್ತದೆ. ಅಂಚೆಚೀಟಿಯೆಂದರೆ ಊರಿಂದೂರಿಗೆ ಹೋಗುವಂಥದು ಎಂಬುದು ಲೋಕರೂಢಿ. ಈ ಚೀಟಿಗಳು ಎಲ್ಲಿಗೂ ಹೋಗಲಿಲ್ಲ. ಪ್ರಕಾಶಕನು ಪತ್ರಿಕೆಯ ಮೂಟೆಗಳನ್ನು ಅಂಚೆ ಕಚೇರಿಗೆ ತರುವನು, ತೂಗಿಸುವನು, ಹಣ ಕೊಟ್ಟು ರಸೀದಿ ಪಡೆಯುವನು. ಗುಮಾಸ್ತನು ಅಷ್ಟು ಮೊತ್ತದ ಚೀಟಿಗಳನ್ನು ರಸೀದಿ ಪುಸ್ತಕದಲ್ಲಿ ಉಳಿದ ಭಾಗಕ್ಕೆ ಅಂಟಿಸಿ ರದ್ದುಮಾಡುವನು. ತುಂಬಿದ ಪುಸ್ತಕಗಳು ವಾಷಿಂಗ್ಟನ್ನಿಗೆ ಹೋಗಿ, ಲೆಕ್ಕ ಒಪ್ಪಿದ ಬಳಿಕ ನಾಶವಾಗಬೇಕು. ಸಾರ್ವಜನಿಕರು ಇವನ್ನು ಕೊಳ್ಳುವಂತಿರಲಿಲ್ಲ. ಪತ್ರಿಕೆಯ ಪ್ರತಿಯ ಮೇಲೆ ಇವು ಅಂಟುತ್ತಲೂ ಇರಲಿಲ್ಲ. ಹೀಗೆ ಕಚೇರಿಯ ಅಂಗಳವನ್ನೇ ದಾಟದೆ, ಲಕ್ಷಾಂತರ ಮನೆಗಳಿಗೆ ಸುದ್ದಿಯನ್ನು ಕಳುಹಿಸಿಕೊಟ್ಟು, ತಾವು ಮಾತ್ರ ಬೂದಿಯಾದ ಚೀಟಿಗಳಿವು.

ಆದರೂ ಕೆಲವು ಉಳಿದುವು. 1875ರಲ್ಲಿ, ಮುಂದಿನ ವರ್ಷದ ಶತಮಾನೋತ್ಸವ ಪ್ರದರ್ಶನವನ್ನು ಲಕ್ಷ್ಯದಲ್ಲಿಟ್ಟುಕೊಂಡು, ಇಲಾಖೆ ಸಂಗ್ರಾಹಕರಿಗಾಗಿ ಒಂದು ವಿಶೇಷ ಮುದ್ರಣ ಮಾಡಿಸಿತು. ಆದರೆ ಮುಖಬೆಲೆ ಕೊಟ್ಟೇ ಕೊಳ್ಳಬೇಕು. ಇಪ್ಪತ್ತನಾಲ್ಕು ಚೀಟಿಗಳ ಒಟ್ಟು ಬೆಲೆ 204 ಡಾಲರು 66 ಸೆಂಟು. ಅಂದಿನ ಕೂಲಿಕಾರನಿಗೆ ಇದು ತಿಂಗಳುಗಟ್ಟಲೆ ದುಡಿಮೆಯ ಹಣ. ಆದುದರಿಂದ ದೊಡ್ಡ ಬೆಲೆಯವು ತೀರ ಕೆಲವೇ ಮಾರಾಟವಾದುವು. ಇಂದು ಅವು ಕಣ್ಣಿಗೆ ಬೀಳುವುದೇ ಅಪರೂಪ.

1879ರಲ್ಲಿ ಎಲ್ಲ ನಿಯತಕಾಲಿಕಗಳಿಗೂ ಪೌಂಡಿಗೆ 2 ಸೆಂಟು ಎಂದಾಯಿತು. 1885ರಲ್ಲಿ ಅದೂ ಇಳಿದು ಒಂದೇ ಸೆಂಟಾಯಿತು. 1895ರಲ್ಲಿ 1 ಸೆಂಟಿನಿಂದ 100 ಡಾಲರಿನವರೆಗೆ ಹನ್ನೆರಡು ಚೀಟಿಗಳ ಹೊಸ ಮಾಲಿಕೆ ಬಂದಿತು. ನೂರು ಡಾಲರಿನ ಚೀಟಿ ಹತ್ತು ಸಾವಿರ ಪೌಂಡು ಪತ್ರಿಕೆಗಳ ದರ. 1898ರ ಜುಲೈ 1ರಂದು ಈ ಪದ್ಧತಿಯನ್ನೇ ಕೈಬಿಟ್ಟು, ಚೀಟಿಯಿಲ್ಲದೆ ನಗದು ಪಡೆಯುವ ಕ್ರಮ ಜಾರಿಗೆ ಬಂದಿತು. ಉಳಿದ ದಾಸ್ತಾನನ್ನು, ಸಾಲದುದಕ್ಕೆ ದೊಡ್ಡ ಬೆಲೆಯವನ್ನು ಮತ್ತೆ ಅಚ್ಚುಹಾಕಿಸಿ, 1899ರಲ್ಲಿ ಇಲಾಖೆ ಸಂಗ್ರಾಹಕರಿಗೆ ಮಾರಿತು. 187 ಡಾಲರು 93 ಸೆಂಟು ಮುಖಬೆಲೆಯ ಹನ್ನೆರಡು ಚೀಟಿಗಳ ಕಟ್ಟಿಗೆ ಐದೇ ಡಾಲರು!

ಈ ಹವ್ಯಾಸಕ್ಕೆ ಕೈಹಾಕಬಯಸುವ ವಾಚಕರು ಈ ಸಂಗತಿಯನ್ನು ನೆನಪಿಡಬೇಕು. 1895ರ ಮಾಲಿಕೆಯಲ್ಲಿ ನೀರುಗುರುತು ಇಲ್ಲದ್ದು, ಇದ್ದದ್ದು ಎಂದು ಎರಡು ವಿಧ. ಐದು ಡಾಲರಿನ ಮಾರಾಟದಿಂದಾಗಿ ನೀರುಗುರುತು ಉಳ್ಳವು ಸಾಮಾನ್ಯ ಸಂಗ್ರಾಹಕನ ಕೈಗೆ ಎಟುಕುವಂತಿವೆ; ಇಲ್ಲದವು ದುರ್ಲಭ. ಎರಡನ್ನೂ ಕಣ್ಣಳತೆಯಲ್ಲಿ ಬೇರ್ಪಡಿಸಲಾಗದು. ಚೀಟಿಯ ಬೆನ್ನನ್ನು ಪರೀಕ್ಷಿಸಿಯೇ ನಿರ್ಣಯಿಸಬೇಕು. 1865ರ ಚೀಟಿಗಳಿಗೆ ನಕಲಿಗಳಿವೆ. ಆದುದರಿಂದ ತಜ್ಞರ ಪ್ರಮಾಣಪತ್ರವಿಲ್ಲದೆ ಬೆಲೆಬಾಳುವ ಚೀಟಿಯನ್ನು ಕೊಳ್ಳದಿರುವುದೇ ಲೇಸು. ಕೊಂಡ ಮೇಲೆ, ಕರಾವಳಿಯ ಮಳೆಗಾಲದಲ್ಲಿ ಗೋಂದು ಒದ್ದೆಯಾಗಿ ಹಾಳೆಗೆ ಹಾಳೆ ಅಂಟದಂತೆ ಕಾಪಾಡುವುದು ನಮ್ಮ ಕಡೆಯವರಿಗೆ ಇನ್ನೊಂದು ವ್ರತ.

ಸಂಗ್ರಹಾಲಯದಿಂದ ಹೊರಬಿದ್ದು ತುಸು ನಡೆದರೆ ಸಂಸದ್ಭವನದ ಗುಮ್ಮಟ ಕಾಣಿಸುತ್ತದೆ. ಅದರ ತುದಿಯಲ್ಲಿರುವ ಹತ್ತೊಂಬತ್ತೂವರೆ ಅಡಿ ಎತ್ತರದ ಕಂಚಿನ ಸ್ವಾತಂತ್ರ್ಯದೇವಿಯೇ 1875ರ ಮಾಲಿಕೆಯಲ್ಲಿ 2ರಿಂದ 10 ಸೆಂಟಿನವರೆಗಿನ ಚೀಟಿಗಳ ಮೇಲೆ ನಿಂತಿರುವವಳು. ಶಿಲ್ಪಿ ಥಾಮಸ್ ಕ್ರಾಫರ್ಡ್. ಆದರೆ ರೋಮಿನಿಂದ ಬಂದ ಗಾರೆಯ ಮಾದರಿಯನ್ನು ಎರಕಕ್ಕಾಗಿ ಬಿಡಿಬಿಡಿಯಾಗಿ ಕಳಚುವ ಉಪಾಯವನ್ನು ಕಂಡುಹಿಡಿದವನು ಫಿಲಿಪ್ ರೀಡ್ ಎಂಬ ಗುಲಾಮ. ದೇವಿಯ ಎರಕದ ಕಾಲದಲ್ಲಿ ಅವನ ವಾರದ ಕೂಲಿಯೆಲ್ಲ ಒಡೆಯನಿಗೆ. ಭಾನುವಾರದ ಕೂಲಿ ಮಾತ್ರ ಅವನಿಗೆ. 1862ರಲ್ಲಿ ಆ ನಗರದ ಗುಲಾಮರಿಗೆ ಬಿಡುಗಡೆಯಾಯಿತು. 1863ರ ಡಿಸೆಂಬರ್ 2ರಂದು ಪ್ರತಿಮೆಯ ಕೊನೆಯ ಭಾಗ ಗುಮ್ಮಟವೇರಿದಾಗ ರೀಡ್ ಸ್ವತಂತ್ರನಾಗಿದ್ದನು. ಅದೇ ಮಾಲಿಕೆಯ 60 ಡಾಲರಿನ ಚೀಟಿಯ ಮೇಲೆ ಮೂಲನಿವಾಸಿ ಕನ್ಯೆಯೊಬ್ಬಳ ಸುಂದರ ಚಿತ್ರವಿದೆ. ಆ ಚೀಟಿ ಹೊರಬಂದ ಮರುವರ್ಷವೇ, 1876ರಲ್ಲಿ, ಸರಕಾರದ ಸೈನ್ಯ ಸೂ ಜನಾಂಗದ ಮೇಲೆ ಯುದ್ಧ ಹೂಡಿತು. ಚೀಟಿಯ ಮೇಲಿನ ಗೌರವ ನೆಲದ ಮೇಲೆ ಇರಲಿಲ್ಲವೆಂಬುದನ್ನು ಚೀಟಿಯೇ ಹೇಳದು. ಕೇಳಿ ತಿಳಿಯಬೇಕಾದವರು ನಾವು.

ಅಗ್ಗದ ದರದಿಂದ ಬದುಕಿದವರು ಯಾರು? ರಾಜಧಾನಿಯ ದೊಡ್ಡ ಪತ್ರಿಕೆಗಳು ಮಾತ್ರವಲ್ಲ. ತಾಯ್ನಾಡಿನಿಂದ ದೂರದಲ್ಲಿ, ಬೇರೆ ಭಾಷೆಯವರ ನಡುವೆ ಮನೆಮಾಡಿದ ಜರ್ಮನರು, ಸ್ವೀಡನ್ನಿನವರು, ನಾರ್ವೆಯವರು ತಮ್ಮ ನುಡಿಯ ಪತ್ರಿಕೆಗಳನ್ನು ತರಿಸಿಕೊಂಡು ಓದಿದುದು ಈ ಅಂಚೆಯಿಂದಲೇ. ಅಯೋವಾ ಪ್ರಾಂತದ ಡೆಕೋರಾ ಎಂಬ ಸಣ್ಣ ಊರಿನಲ್ಲಿ, ತೂಕದ ದರದ ಕಾನೂನಾದ 1874ರಲ್ಲಿಯೇ, ‘ಡೆಕೋರಾ ಪೋಸ್ಟೆನ್’ ಎಂಬ ನಾರ್ವೇಜಿಯನ್ ಪತ್ರಿಕೆ ಹುಟ್ಟಿತು. ಚದರಿಹೋದ ಹೊಲಮನೆಗಳಲ್ಲಿ ವಾಸಿಸುತ್ತಿದ್ದ ಒಕ್ಕಲಿಗರಿಗೆ ಅದು ತವರಿನ ಧ್ವನಿಯಾಯಿತು. ಸುಮಾರು ಒಂದು ಶತಮಾನ ನಡೆದು 1972ರಲ್ಲಿ ನಿಂತಿತು. ಅಂಚೆ ಕೈಬಿಟ್ಟುದರಿಂದ ನಿಂತದ್ದಲ್ಲ. ಓದುವ ಮಕ್ಕಳು ಕಡಿಮೆಯಾದುದರಿಂದ.

ಗಡಿಯ ಈಚೆಗೆ ನೆಲೆಸಿದ ಕನ್ನಡಿಗರಿಗೆ ಈ ಕಥೆ ಪರಕೀಯವೆನಿಸಲಾರದು. ಅಮೆರಿಕ ತನ್ನ ಪತ್ರಿಕಾ ಚೀಟಿಗಳನ್ನು ನಿಲ್ಲಿಸಿದ 1898ರ ಜುಲೈ 1ರಂದೇ ಭಾರತದ ಅಂಚೆ ಕಚೇರಿ ಕಾಯಿದೆ ಜಾರಿಗೆ ಬಂದಿತು. ನೋಂದಾಯಿತ ವೃತ್ತಪತ್ರಿಕೆಗಳೆಂಬ ಪ್ರತ್ಯೇಕ ವರ್ಗಕ್ಕೆ ಅದು ಸ್ಥಾನವಿತ್ತಿತು. ಆ ಕಾಯಿದೆಯ ಸ್ಥಾನದಲ್ಲಿ 2024ರ ಜೂನಿನಿಂದ ಹೊಸದೊಂದು ಬಂದಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟುದೂ ಒಂದು ಜುಲೈ 1ರಂದೇ, 1843ರಲ್ಲಿ. 1956ರಲ್ಲಿ ಪ್ರಾಂತಗಳ ಗಡಿಗಳು ಬದಲಾದಾಗ ನಮ್ಮ ಶಾಲೆ, ಕಚೇರಿ, ನ್ಯಾಯಾಲಯಗಳ ಭಾಷೆ ಬದಲಾಯಿತು. ಆದರೆ ನೋಂದಾಯಿತ ಪತ್ರಿಕೆಗೆ ಅಂಚೆಯವರು ಗಡಿಯನ್ನು ಕೇಳಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಯಾವ ದರವೋ, ಕಾಸರಗೋಡಿಗೂ ಸೊಲ್ಲಾಪುರಕ್ಕೂ ತಾಳವಾಡಿಗೂ ಅದೇ ದರ. ಆ ಸಮಾನತೆಯಿಂದಲೇ ಎಷ್ಟೋ ಮನೆಗಳಲ್ಲಿ ಕನ್ನಡ ಅಕ್ಷರ ಉಳಿಯಿತು.

ಬೂದಿಯಾಗದೆ ಉಳಿದ ಆ ಹಳೆಯ ಚೀಟಿಗಳನ್ನು ಸಂಗ್ರಾಹಕರು ಚಿಮುಟದಿಂದ ಹಿಡಿದು ಜೋಪಾನ ಮಾಡುತ್ತಾರೆ. ಮಾಡಲಿ, ಅದು ಒಳ್ಳೆಯ ಕೆಲಸವೇ. ಆದರೆ ಆ ಚೀಟಿಗಳು ದಾರಿಮಾಡಿಕೊಟ್ಟ ಪತ್ರಿಕೆಗಳು ಉಳಿಯುವುದು ಚಿಮುಟದಿಂದಲ್ಲ. ದರ ಎಷ್ಟೇ ಅಗ್ಗವಾಗಲಿ, ಮನೆಗೆ ಬಂದ ಪತ್ರಿಕೆಯ ಸುತ್ತುಕಾಗದವನ್ನು ಬಿಚ್ಚುವ ಕೈಗಳು ಬೇಕು. ಹಿರಿಯರು ಓದಿಟ್ಟದ್ದನ್ನು ಎತ್ತಿಕೊಂಡು ಓದಬಲ್ಲ ಎಳೆಯ ಕಣ್ಣುಗಳು ಬೇಕು. ಅಂಚೆಯವನ ಕೆಲಸ ನಮ್ಮ ಹೊಸ್ತಿಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನದು ಮನೆಯವರ ಕೆಲಸ.