ಮಂಚದಿಂದ ಎದ್ದ ಗಿಟಾರು

ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಗಿಟಾರು ಕೊಡಿಸುತ್ತೇನೆ ಎಂದು ಮಗಳಿಗೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಅಂಕ ಬಂತು. ಕೊಡಿಸಿದ್ದರೆ ಒಂದು ದಿನದಲ್ಲಿ ಮುಗಿಯುವ ಕೆಲಸ. ಆದರೆ ಅಷ್ಟರಲ್ಲಿ ನಾನು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಯಾರೋ ಗಿಟಾರು ಮಾಡುವುದನ್ನು ನೋಡುತ್ತ ಕೂರುವ ಚಟಕ್ಕೆ ಬಿದ್ದಿದ್ದೆ. ಒಂದು ದಿನ ಊಟದ ಹೊತ್ತಿಗೆ, "ನಾವೇ ಮಾಡಿದರೆ ಹೇಗೆ?" ಎಂದೆ. ಹೆಂಡತಿ ಸಾರಿನ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ರೀ, ಬಾತ್‌ರೂಮಿನ ಚಿಲಕ ಹಾಕೋಕೆ ಮೂರು ತಿಂಗಳು ತಗೊಂಡಿದ್ರಿ" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ನಾನು ಸಾಗರದ ಹತ್ತಿರದ ಹಳ್ಳಿಯೊಂದರ ಬಡಗಿಯ ಮಗ. ಅಪ್ಪಯ್ಯ ಸುತ್ತಲಿನ ಊರುಗಳಿಗೆಲ್ಲ ಬಾಗಿಲು, ತೊಟ್ಟಿಲು, ಮಂಚ ಮಾಡಿಕೊಟ್ಟವನು. ನಾನೋ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವನು. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಪಕ್ಕದ ಅವನ ಕೆಲಸದ ಜಾಗಕ್ಕೆ ಹೋಗಿ ಉಳಿ ಮುಟ್ಟಿದರೆ ಸಾಕು, "ಹೋಗು, ಪುಸ್ತಕ ಹಿಡಿ" ಎಂದು ಗದರುತ್ತಿದ್ದ. ಬೈಗುಳವಲ್ಲ ಅದು, ಆಸೆ. ಮಗ ಹೊಟ್ಟಿನ ಧೂಳು ಕುಡಿಯದೆ ಫ್ಯಾನಿನ ಕೆಳಗೆ ಕೂರಲಿ ಎಂಬ ಆಸೆ. ಫ್ಯಾನಿನ ಕೆಳಗೇ ಕೂತೆ. ಅವನ ವಿದ್ಯೆ ಅವನ ಹತ್ತಿರವೇ ಉಳಿಯಿತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತು. ಹತಾರಗಳ ಪೆಟ್ಟಿಗೆ ಅಟ್ಟ ಸೇರಿತು.

ಗಿಟಾರಿನ ಬೆನ್ನಿಗೂ ಪಕ್ಕೆಗೂ ಜಗತ್ತಿನಲ್ಲಿ ಹೆಚ್ಚು ಬೇಡಿಕೆ ಇರುವ ಮರಗಳಲ್ಲಿ ಒಂದು ನಮ್ಮ ಘಟ್ಟದ ಬೀಟೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಅಮೆರಿಕದ ಮಾರ್ಟಿನ್ ಕಂಪನಿಯವರು ಬಹುಕಾಲ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರಂತೆ. ಅದು ಸಿಗುವುದು ಕಷ್ಟವಾದಾಗ 1969ರ ಸುಮಾರಿಗೆ ಭಾರತದ ಬೀಟೆಗೆ ಬದಲಾಯಿಸಿದರು. ಹಾಗೆಂದು ಇಲ್ಲಿ ಕೂತ ನಾವು ಬೀಟೆ ಮರ ಕಡಿಯುವ ಹಾಗಿದೆಯೇ? ಮನೆಯ ಹಿತ್ತಿಲಲ್ಲಿದ್ದರೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಆದರೆ ನಮ್ಮ ಮನೆಯಲ್ಲಿ ಬೀಟೆ ಇತ್ತು. ಅಪ್ಪಯ್ಯನ ಮಂಚ.

ಅದು ಅವನು ತನ್ನ ಮದುವೆಗೆ ತಾನೇ ಮಾಡಿಕೊಂಡ ಮಂಚ. ಲಕ್ವದ ಮೇಲೆ ಅಷ್ಟು ಎತ್ತರ ಹತ್ತಲಾಗದೆ ತಗ್ಗಿನ ಮಂಚ ತಂದು, ಹಳೆಯದನ್ನು ಬಿಚ್ಚಿ ಅಟ್ಟದಲ್ಲಿ ಇಟ್ಟಿದ್ದೆವು. ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಕೇಳಿದಳು. ಅಜ್ಜ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಕಾಫಿ ಕುಡಿಯುತ್ತ, "ತಲೆ ಕಡೆ ಹಲಗೆ ತಗಳಿ. ಕಾಲ್ ಕಡೇದು ಮುಟ್ಬೇಡಿ" ಎಂದ.

ಜೂನಿನಲ್ಲಿ ಹಲಗೆಯನ್ನು ಪೇಟೆಯ ಮರದ ಮಿಲ್ಲಿನಲ್ಲಿ ನಾಲ್ಕು ಮಿಲಿಮೀಟರಿನ ಹಾಳೆಗಳಾಗಿ ಸೀಳಿಸಿ ತಂದೆ. ಮುಂಭಾಗಕ್ಕೆ ಬೇಕಾದ ಸ್ಪ್ರೂಸ್ ಮರ ಪಾರ್ಸೆಲಿನಲ್ಲಿ ಬಂತು. ಅದು ಚಳಿದೇಶದ ಸೂಚಿಪರ್ಣಿ ಮರ. ಬೆಳ್ಳಗೆ, ಕೈಗೆ ತೂಕವೇ ಇಲ್ಲದ ಹಾಗೆ. ಅಪ್ಪಯ್ಯನಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. "ವೀಣೆಗೆ ಹಲಸು ಹಾಕ್ತ್ರು. ಇದೆಂತ ಪ್ಯಾಕಿಂಗ್ ಪೆಟ್ಟಿಗೆ ಮರ?" ಎಂದ. ನಾನು ಕೀಸುಳಿ ಹಿಡಿದು ಬೀಟೆಯನ್ನು ಎರಡು ಮಿಲಿಮೀಟರಿಗೆ ಇಳಿಸಲು ಹೊರಟಾಗಲಂತೂ ಜಗಲಿಯ ಕುರ್ಚಿಯಿಂದಲೇ ಕೂಗಿದ: "ಎಂತದಾ ಅದು, ಹಪ್ಪಳ ಮಾಡ್ತಿದೀಯನಾ?"

ಬಾಗಿಲು ಮಾಡುವವನ ಲೆಕ್ಕವೇ ಬೇರೆ. ಬಾಗಿಲು ಗಟ್ಟಿಯಾಗಿರಬೇಕು, ಅಲ್ಲಾಡಬಾರದು. ಗಿಟಾರು ಅಲ್ಲಾಡಲೇಬೇಕು. ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಎಳೆದರೆ ಒಟ್ಟು ಸುಮಾರು 75 ಕಿಲೋ ಎಳೆತ ಬೀಳುತ್ತದೆ. ಒಂದೂವರೆ ಮೂಟೆ ಅಕ್ಕಿ! ಮೂರು ಮಿಲಿಮೀಟರೂ ಇಲ್ಲದ ಹಾಳೆ ಅದನ್ನು ತಡೆದುಕೊಳ್ಳಬೇಕು, ಜತೆಗೆ ನಡುಗಿ ಹಾಡಬೇಕು. ತಡೆಯುವುದಕ್ಕೆ ಒಳಗಡೆ ಇಂಗ್ಲಿಷಿನ ಎಕ್ಸ್ ಅಕ್ಷರದ ಹಾಗೆ ಪಟ್ಟಿಗಳನ್ನು ಅಂಟಿಸುತ್ತಾರೆ. ಹಾಡುವ ಕೆಲಸವೆಲ್ಲ ಬಹುಪಾಲು ಆ ಮುಂದಿನ ಹಾಳೆಯದೇ. ಸ್ಪೇನಿನ ತೊರ್ರೆಸ್ ಎಂಬ ಕುಶಲಕರ್ಮಿ ಇದನ್ನು ತೋರಿಸಲೆಂದೇ 1862ರಲ್ಲಿ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮುಂಭಾಗ ಮಾತ್ರ ಮರದ್ದಿಟ್ಟು ಒಂದು ಗಿಟಾರು ಮಾಡಿದ್ದ. ಇದನ್ನು ಅಪ್ಪಯ್ಯನಿಗೆ ಹೇಳಿದೆ. "ಮತ್ತೆ ನನ್ನ ಮಂಚ ಎಂತಕ್ಕೆ ಕೊಯ್ಸ್ದೆ?" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮಳೆಗಾಲದಲ್ಲೇ ಪಟ್ಟಿಗಳನ್ನು ಅಂಟಿಸಿಬಿಡುವ ಆತುರ ನನ್ನದು. ಅಪ್ಪಯ್ಯ ಬಿಡಲಿಲ್ಲ. "ಆಷಾಢದಲ್ಲಿ ಕೂರ್ಸಿದ ಬಾಗ್ಲು ಮಾರ್ಚಿನಲ್ಲಿ ಬಿರಿತದೆ. ಈಗ ಮರ ನೀರು ಕುಡ್ದು ಉಬ್ಬಿದೆ. ಕಾಯಿ." ಗಿಟಾರು ಮಾಡುವವರು ಗಾಳಿಯ ತೇವ ಅಳೆಯುವ ಮೀಟರ್ ಇಟ್ಟುಕೊಂಡು, ಅದು ನೂರಕ್ಕೆ ನಲವತ್ತೈದರ ಆಸುಪಾಸಿನಲ್ಲಿದ್ದಾಗ ಅಂಟಿಸುತ್ತಾರೆ. ನಾನೂ ಒಂದು ತರಿಸಿದೆ. ಜುಲೈಯಲ್ಲಿ ನಮ್ಮ ಮನೆಯೊಳಗೆ ಅದು ತೊಂಬತ್ತು ತೋರಿಸಿತು. ಹಾಳೆಗಳನ್ನು ಬೀರುವಿನಲ್ಲಿ ನಿಲ್ಲಿಸಿ, ಕೆಳಗೆ ಅರವತ್ತು ವ್ಯಾಟಿನ ಬಲ್ಬು ಉರಿಸಿಟ್ಟು ದೀಪಾವಳಿಯವರೆಗೆ ಕಾದೆವು. ಹೆಂಡತಿಯ ರೇಷ್ಮೆ ಸೀರೆಗಳು ಅಷ್ಟು ದಿನ ಟ್ರಂಕಿನಲ್ಲಿ ವನವಾಸ ಮಾಡಿದವು.

ಕಾಯುವ ಹೊತ್ತಿನಲ್ಲಿ ಕತ್ತಿನ ಕೆಲಸ. ಮಹಾಗನಿ ತುಂಡು, ಅದರೊಳಗೆ ಒಂದು ಉಕ್ಕಿನ ಸರಳು, ಮೇಲೆ ಮಂಚದ ಅಡ್ಡಪಟ್ಟಿಯಿಂದ ತೆಗೆದ ಬೀಟೆಯ ಪಟ್ಟಿ. ಆ ಪಟ್ಟಿಯಲ್ಲಿ ಫ್ರೆಟ್‌ಗಳಿಗೆ ಗೀರು ಹಾಕಬೇಕು. ಲೆಕ್ಕ ಮಗಳದು. ತಂತಿಯ ಉದ್ದ 648 ಮಿಲಿಮೀಟರ್, ಅದನ್ನು 17.817ರಿಂದ ಭಾಗಿಸಿದರೆ 36.37, ಅದು ಮೊದಲ ಗೀರು. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯ ಗೀರು ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲಬೇಕು. ನನ್ನದು 326ಕ್ಕೆ ಬಂತು. ಎರಡು ಮಿಲಿಮೀಟರ್ ತಾನೆ ಎಂದರೆ ಕಿವಿ ಒಪ್ಪುವುದಿಲ್ಲ, ಪ್ರತಿ ಸ್ವರವೂ ಸುಳ್ಳಾಗುತ್ತದೆ. ಲೆಕ್ಕ ಸರಿಯಿತ್ತು, ನಾನು ಒಂದು ಗೀರಿನಿಂದ ಮುಂದಿನ ಗೀರಿಗೆ ಅಳೆಯುತ್ತ ಹೋಗಿದ್ದೆ. ಒಂದೊಂದು ಸಲವೂ ಕೂದಲೆಳೆಯಷ್ಟು ತಪ್ಪು, ಹನ್ನೆರಡು ಸಲ ಕೂಡಿತ್ತು. "ಅಳತೆ ಯಾವಾಗ್ಲೂ ಒಂದೇ ತುದಿಯಿಂದ" ಎಂದ ಅಪ್ಪಯ್ಯ, ತಲೆಯೆತ್ತದೆ. ಸಂಘದಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನಿಗೆ ಇದು ಹೊಳೆಯಬೇಕಿತ್ತು. ಮಂಚದ ಇನ್ನೊಂದು ಅಡ್ಡಪಟ್ಟಿ ಬಿಚ್ಚಿದೆ.

ನಿಜವಾದ ಭಯ ಇದ್ದದ್ದು ಪಕ್ಕೆ ಬಗ್ಗಿಸುವುದರಲ್ಲಿ. ನೆನೆಸಿದ ಹಾಳೆಯನ್ನು ಕಾದ ಕಬ್ಬಿಣದ ಕೊಳವೆಗೆ ಒತ್ತಿ, ಸ್ವಲ್ಪ ಸ್ವಲ್ಪವಾಗಿ ಗಿಟಾರಿನ ಸೊಂಟದ ಆಕಾರಕ್ಕೆ ತರಬೇಕು. ನಮ್ಮಲ್ಲಿ ಬಚ್ಚಲ ಒಲೆ ಇದೆಯಲ್ಲ! ಪೈಪಿನ ಒಂದು ತುದಿಯನ್ನು ಕೆಂಡದಲ್ಲಿ ಹುಗಿದು, ಹೊರಗಿನ ತುದಿಯನ್ನು ಕಲ್ಲುಗಳ ನಡುವೆ ಭದ್ರ ಮಾಡಿದೆ. ಮಗಳು ನೀರು ಚಿಮುಕಿಸಿ ನೋಡುವಳು. ದೋಸೆ ಕಾವಲಿಯ ಮೇಲಿನ ಹಾಗೆ ಹನಿ ಕುಣಿದರೆ ಹದ ಬಂದಂತೆ. ಬಿಸಿಗೆ ಬೀಟೆಯಿಂದ ಗುಲಾಬಿಯಂಥದೇ ಒಂದು ಸಿಹಿ ವಾಸನೆ ಎದ್ದಿತು. ರೋಸ್‌ವುಡ್ ಎಂದು ಯಾಕೆ ಕರೆಯುತ್ತಾರೆಂದು ಅವತ್ತು ಗೊತ್ತಾಯಿತು. ಒಂದು ಪಕ್ಕೆ ಬಗ್ಗಿತು. ಗೆದ್ದೆ ಎಂದುಕೊಂಡು ಎರಡನೆಯದನ್ನು ಹಿಡಿದೆ. ಸೊಂಟದ ಹತ್ತಿರ ಬರುವಾಗ, ಟಪ್!

ಅದು ಜಗಲಿಗೂ ಕೇಳಿಸಿತ್ತು. "ತಗಂಬಾ ಇಲ್ಲಿ" ಎಂದು ಕರೆದ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ಎರಡು ತುಂಡು ಹಿಡಿದು ಮುಂದೆ ನಿಂತೆ. ಅಪ್ಪಯ್ಯ ಮುರಿದ ಅಂಚನ್ನು ಎಡಗೈ ಹೆಬ್ಬೆರಳಿನಿಂದ ಸವರಿ ನೋಡಿದ. "ಎಳೆ ನೋಡ್ಲಿಲ್ಲ ನೀನು. ಇಲ್ಲಿ ಎಳೆ ಓರೆಯಾಗಿ ಹೊರಗೆ ಓಡಿದೆ. ಹೀಂಗಿದ್ದಲ್ಲಿ ಬಗ್ಗೂದಿಲ್ಲ, ಸಿಡೀತದೆ." ಆಮೇಲೆ ಬಹಳ ಹೊತ್ತು ಅಂಗಳ ನೋಡುತ್ತ ಕೂತಿದ್ದು, "ಕಾಲ್ ಕಡೆ ಹಲಗೆ ಇಳ್ಸು" ಎಂದ.

ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಒಳಮೈಯ ಒಂದು ಮೂಲೆಯಲ್ಲಿ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು: ಅ, ಆ, ಇ. ಮತ್ತೊಂದು ಅರ್ಧಕ್ಕೇ ನಿಂತ ಈ. ನನ್ನವೇ. ಶಾಲೆಗೆ ಸೇರಿದ ವರ್ಷ ಗೀಚಿರಬೇಕು. ನನಗೆ ನೆನಪೇ ಇಲ್ಲ. ಎಷ್ಟು ಸಲ ಆ ಮಂಚಕ್ಕೆ ಪಾಲಿಶ್ ಮಾಡಿದ್ದನೋ, ಒಮ್ಮೆಯೂ ಅದನ್ನು ಉಜ್ಜಿ ಅಳಿಸಿರಲಿಲ್ಲ.

ಅಪ್ಪಯ್ಯ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ಓರೆ ಮಾಡಿ ಎಳೆ ನೋಡಿದ. ಎಡಗೈಯಲ್ಲಿ ಪೆನ್ಸಿಲು ಹಿಡಿದು, ಮೊಮ್ಮಗಳು ಅಡಿಪಟ್ಟಿ ಒತ್ತಿ ಹಿಡಿದಿರಲು, ಆ ಅಕ್ಷರಗಳಿಂದ ಎರಡು ಬೆರಳು ದೂರದಲ್ಲಿ ಒಂದು ಗೆರೆ ಎಳೆದ. ಅಡಿಪಟ್ಟಿ ಇದ್ದರೂ ಗೆರೆ ನಡುಗಿತ್ತು. "ಇದ್ರ ಮೇಲೆ ಕೊಯ್ಸು. ಒಂದು ನೂಲೂ ಆಚೀಚೆ ಬ್ಯಾಡ."

ಆ ಪಕ್ಕೆ ಮುರಿಯಲಿಲ್ಲ. ಬಣ್ಣ ಮಾತ್ರ ಬೇರೆ. ಒಂದು ಪಕ್ಕೆ ನೇರಳೆಗಪ್ಪು, ಇನ್ನೊಂದು ಬೆಲ್ಲದ ಬಣ್ಣ.

ಮುಂದಿನದಕ್ಕೆ ಮನೆಯ ಸಾಮಾನೆಲ್ಲ ಬೇಕಾಯಿತು. ಪಕ್ಕೆಯ ಒಳಅಂಚಿಗೆ ಪಟ್ಟಿ ಅಂಟಿಸುವಾಗ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಬೇಕು. ಎಂಬತ್ತು ಕ್ಲಿಪ್ಪು ಹೋದವು, ಅಮ್ಮನ ಸೀರೆ ಎರಡು ಸಲ ತೋಟಕ್ಕೆ ಹಾರಿತು. ಎಕ್ಸ್ ಪಟ್ಟಿಗಳನ್ನು ಒತ್ತಿ ಹಿಡಿಯಲು ಬಿದಿರಿನ ದಬ್ಬೆಗಳನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮೇಜಿಗೂ ಮೇಲಿನ ಹಲಗೆಗೂ ನಡುವೆ ಸಿಕ್ಕಿಸಿದೆವು. ವಿದೇಶದಲ್ಲೂ ಹಾಗೇ ಮಾಡುತ್ತಾರೆ, ದಬ್ಬೆ ಮಾತ್ರ ದುಡ್ಡು ಕೊಟ್ಟು ತರುತ್ತಾರೆ.

ಪಟ್ಟಿ ಕೆತ್ತುವಾಗ ಅಪ್ಪಯ್ಯ ಕುರ್ಚಿಯನ್ನು ನನ್ನ ಪಕ್ಕಕ್ಕೇ ಹಾಕಿಸಿಕೊಂಡ. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸಿ, ಗೆಣ್ಣಿನಿಂದ ತಟ್ಟಿ ಕೇಳಬೇಕು. ಸದ್ದು ಮೊಂಡಾಗಿದ್ದರೆ ಇನ್ನೂ ಕೆತ್ತಬೇಕು. ಎಷ್ಟು ತಟ್ಟಿದರೂ ನನಗೆ ಒಂದೇ ಥರ ಕೇಳುತ್ತಿತ್ತು. ಅಪ್ಪಯ್ಯ ಕಣ್ಣು ಮುಚ್ಚಿ ತಟ್ಟುವನು. ಟೊಳ್ಳು ಮರ, ಹಣ್ಣಾದ ಹಲಸು ಎಲ್ಲವನ್ನೂ ಜೀವಮಾನವಿಡೀ ತಟ್ಟಿ ನೋಡಿದ ಕಿವಿ ಅದು. "ಇಲ್ಲಿ ದಪ್ಪ." ಕೆತ್ತುತ್ತಿದ್ದೆ. "ಇನ್ನೂ." ಕೆತ್ತುತ್ತಿದ್ದೆ. ಮೂರನೆಯ ಸಂಜೆ ತಟ್ಟಿದಾಗ ಸದ್ದು ಒಂದು ಕ್ಷಣ ನಿಂತು ಹೋಯಿತು, ಸಣ್ಣ ಗಂಟೆಯ ಹಾಗೆ. ಮಗಳಿಗೂ ಕೇಳಿಸಿತು, ನನಗೂ. "ಸಾಕು, ಉಳಿ ಇಡು" ಎಂದ.

ಪಾಲಿಶ್ ಅವನೇ ಮಾಡುತ್ತೇನೆಂದ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಒಂದು ಬಟ್ಟೆಯ ಉಂಡೆ. ಅದಕ್ಕೆ ಬಲ ಬೇಡ, ಸುತ್ತು ಸುತ್ತಾಗಿ ತಿಕ್ಕುತ್ತಲೇ ಇರುವ ತಾಳ್ಮೆ ಬೇಕು. ಹನ್ನೆರಡು ದಿನ ಬೆಳಿಗ್ಗೆ ಬಿಸಿಲು ಬಂದ ಮೇಲೆ ಒಂದೊಂದು ಗಂಟೆ ಎಡಗೈಯಲ್ಲಿ ತಿಕ್ಕಿದ. ಹತ್ತಿರ ಹೋದರೆ, "ನೆರಳು ಬೀಳ್ತದೆ, ಸರಿ" ಎನ್ನುತ್ತಿದ್ದ.

ಸಂಕ್ರಾಂತಿಯ ಮಾರನೆಯ ದಿನ ತಂತಿ ಕಟ್ಟಿದೆವು. ತಂತಿ ಕೂರುವ ಮೂಳೆಯ ತುಂಡನ್ನು ಬೇಕೆಂದೇ ಸ್ವಲ್ಪ ಓರೆಗೆ ಇಡುತ್ತಾರೆ, ದಪ್ಪ ತಂತಿಗೆ ತುಸು ಹೆಚ್ಚು ಉದ್ದ ಬೇಕು. ಅಪ್ಪಯ್ಯ ಮಾತ್ರ ಅದನ್ನು ಈಗಲೂ "ಆ ಸೊಟ್ಟ" ಎಂದೇ ಕರೆಯುತ್ತಾನೆ. ಮಗಳು ಶ್ರುತಿ ಮಾಡಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದಳು. ಆರನೆಯದು ಸ್ವಲ್ಪ ಗರಗರ ಎಂದಿತು. ಉಳಿದದ್ದು ಚೆನ್ನಾಗಿತ್ತು. ಅಂಗಡಿಯ ಗಿಟಾರಿಗಿಂತ ಚೆನ್ನಾಗಿತ್ತೇ ಎಂದು ಕೇಳಬೇಡಿ, ನನಗೆ ಪಕ್ಷಪಾತವಿದೆ. ಅಪ್ಪಯ್ಯ ಕುರ್ಚಿಯಲ್ಲಿ ಬಾಗಿ, ಅವಳು ಬಾರಿಸುತ್ತಿದ್ದಾಗಲೇ ಎಡಗೈಯನ್ನು ಗಿಟಾರಿನ ಬೆನ್ನಿನ ಮೇಲಿಟ್ಟ. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಅದನ್ನೂ ಇಟ್ಟ. "ಇದ್ರಲ್ಲೂ ಗೊತ್ತಾಗ್ತದೆ" ಎಂದ.

ಈಗ ಮಾರ್ಚ್. ಮೊನ್ನೆ ನೋಡಿದರೆ ಗಿಟಾರಿನ ಬ್ರಿಡ್ಜು ಹಿಂದಿನಿಂದ ಒಂದು ಕಾಗದ ತೂರುವಷ್ಟು ಎದ್ದಿದೆ. ಮರದ್ದಲ್ಲ, ಅಂಟು ಹಚ್ಚುವಾಗಿನ ನನ್ನ ಅವಸರದ ತಪ್ಪು. ತಂತಿ ಸಡಿಲಿಸಿ ಇಟ್ಟಿದ್ದೇನೆ. ನಾಳೆ ಭಾನುವಾರ, ತೆಳ್ಳನೆಯ ಚಾಕು ಬಿಸಿ ಮಾಡಿ ಬಿಡಿಸಬೇಕು, ಕೆರೆದು ಮತ್ತೆ ಅಂಟಿಸಬೇಕು. ಅಪ್ಪಯ್ಯ ಸಂಜೆಯಿಂದ ಎರಡು ಸಲ ಕೇಳಿಯಾಯಿತು, ಚಾಕು ಮಸೆದಿಟ್ಟೆಯಾ ಎಂದು.