ಬಾಳ್, ಬಾೞ್ ಮತ್ತು ಫಾಂಟಿನ ವಿಳಾಸ

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಜೀವಿಸು. ಇವೆರಡರ ಅಂತರವನ್ನು ಹೊತ್ತಿರುವುದು ಒಂದೇ ಅಕ್ಷರ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕುಳ, ಕ್ಷಳಗಳಿಂದ ಬೇರ್ಪಡಿಸಿ ಹೇಳಿದ ಈ ರಳವು ಹೊಸಗನ್ನಡದ ಬಳಕೆಯಿಂದ ಮರೆಯಾಗಿದೆ. ಯೂನಿಕೋಡ್‌ನಲ್ಲಿ ಅದಕ್ಕೆ ಸ್ಥಾನವಿದ್ದರೂ ಪ್ರತಿಯೊಂದು ಫಾಂಟಿನಲ್ಲಿಯೂ ಅದರ ರೂಪವಿರುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಪ್ರಾಚೀನ ಕಾವ್ಯಗಳನ್ನು ಜಾಲತಾಣದಲ್ಲಿ ಪ್ರಕಟಿಸುವವರು ಈ ಅಕ್ಷರವುಳ್ಳ ಫಾಂಟನ್ನು ತಾಣದಲ್ಲಿಯೇ ಇರಿಸಿ, ಅದರ ವಿಳಾಸವನ್ನು ಪುಟವಿನ್ಯಾಸದ ಸಿಎಸ್‌ಎಸ್ ಕಡತದಲ್ಲಿ ಬರೆಯುವುದುಂಟು.

ಆ ವಿಳಾಸವನ್ನು ಎರಡು ಬಗೆಯಲ್ಲಿ ಬರೆಯಬಹುದು. ತಾಣದ ಹೆಸರಿನಿಂದ ಮೊದಲ್ಗೊಂಡು ಎಲ್ಲವನ್ನೂ ಹೇಳುವುದು ಪೂರ್ಣ ವಿಳಾಸ. ‘ಇಲ್ಲಿಂದ ಒಂದು ಹಂತ ಮೇಲೇರಿ, ಫಾಂಟ್‌ಗಳ ಕೋಶದೊಳಗೆ ನೋಡು’ ಎಂಬಂತೆ ಸೂಚಿಸುವುದು ಸಾಪೇಕ್ಷ ವಿಳಾಸ. ಈ ‘ಇಲ್ಲಿ’ ಎಂಬುದು ಓದುಗನು ತೆರೆದ ಪುಟವಲ್ಲ, ಸಿಎಸ್‌ಎಸ್ ಕಡತವಿರುವ ಸ್ಥಳ ಎಂಬುದನ್ನು ಮರೆಯಬಾರದು.

ಇವೆರಡರ ವ್ಯತ್ಯಾಸ ತಿಳಿಯುವುದು ತಾಣವು ಹೊಸ ಹೆಸರಿಗೆ ಸ್ಥಳಾಂತರಗೊಂಡಾಗ. ಪೂರ್ಣ ವಿಳಾಸವು ಹಳೆಯ ಮನೆಯನ್ನೇ ತೋರಿಸುತ್ತಿರುತ್ತದೆ. ಬೇರೆ ಮೂಲದ ಫಾಂಟನ್ನು, ಆ ಸರ್ವರ್ ಅನುಮತಿ ನೀಡದ ಹೊರತು, ಬ್ರೌಸರ್ ಬಳಸುವುದಿಲ್ಲ. ತಾಣವು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದರೂ ಹಳೆಯ ಕೊಂಡಿಯ ಫಾಂಟಿಗೆ ತಡೆ ಬೀಳಬಹುದು. ಅನುಮತಿ ಇದ್ದರಂತೂ ಹಳೆಯ ತಾಣ ಮುಚ್ಚುವವರೆಗೆ ದೋಷವೇ ಕಾಣದು. ಸಾಪೇಕ್ಷ ವಿಳಾಸವಾದರೆ ಸಿಎಸ್‌ಎಸ್ ಮತ್ತು ಫಾಂಟ್ ಒಟ್ಟಿಗೆ ಸಾಗಿದಷ್ಟು ದಿನ ಉಳಿಯುತ್ತದೆ. ಓರೆಗೆರೆಯಿಂದ ಆರಂಭವಾಗಿ ತಾಣದ ಮೂಲದಿಂದ ಎಣಿಸುವ ವಿಳಾಸವು ಹೆಸರಿನ ಬದಲಾವಣೆಯನ್ನು ತಾಳಿಕೊಂಡರೂ, ತಾಣವನ್ನು ಉಪಕೋಶಕ್ಕೆ ಸರಿಸಿದರೆ ತಪ್ಪುತ್ತದೆ.

ಫಾಂಟ್ ದೊರೆಯದಾಗ ಪಠ್ಯವೇನೂ ಅಳಿಯುವುದಿಲ್ಲ. ರಳದ ಜಾಗದಲ್ಲಿ ಖಾಲಿ ಚೌಕವೊಂದು ಮೂಡಬಹುದು. ಆ ಚೌಕವನ್ನು ಕಂಡು ಯಾರಾದರೂ ಅಲ್ಲಿ ಳಕಾರವನ್ನು ತುಂಬಿದರೆ ಮಾತ್ರ ಪಾಠವೇ ಕೆಡುತ್ತದೆ: ಜೀವಿಸಬೇಕಾದವನ ಕೈಗೆ ಖಡ್ಗ ಬರುತ್ತದೆ. ಯೂನಿಕೋಡ್‌ಗೆ ಮುಂಚಿನ ಸಂಕೇತಗಳಲ್ಲಿರುವ ಬರಹಗಳ ಪಾಡು ಇನ್ನೂ ಕಠಿಣ. ಅಲ್ಲಿ ಕನ್ನಡವೆಂಬುದು ಫಾಂಟಿನಲ್ಲಷ್ಟೇ ಇರುವುದರಿಂದ, ಅದು ತಪ್ಪಿದೊಡನೆ ಇಡೀ ಪುಟ ಲ್ಯಾಟಿನ್ ಚಿಹ್ನೆಗಳ ರಾಶಿಯಾಗುತ್ತದೆ.

ಸಾಹಿತ್ಯ ಸಂಶೋಧಕರಿಗೆ ಈ ವಿವೇಕ ಹೊಸದಲ್ಲ. ಪಂಪನ ಪದ್ಯವನ್ನು ಆಶ್ವಾಸ ಮತ್ತು ಪದ್ಯಸಂಖ್ಯೆಯಿಂದ ಗುರುತಿಸಿದರೆ ಮುದ್ರಣ ಬದಲಾದರೂ ಹುಡುಕಬಹುದು. ಪುಟಸಂಖ್ಯೆ ಆ ಒಂದು ಮುದ್ರಣಕ್ಕಷ್ಟೇ ಸಲ್ಲುತ್ತದೆ. ಕೃತಿಯೊಳಗಿನದನ್ನು ಕೃತಿಯೊಳಗಿಂದಲೇ ಎಣಿಸುವುದು ಲೇಸು. ಫಾಂಟನ್ನು ಬೇರೊಂದು ಸರ್ವರಿನಿಂದಲೇ ತರುವುದಾದರೆ ಪೂರ್ಣ ವಿಳಾಸ ಅನಿವಾರ್ಯ. ಆಗ ಅದರ ಬಾಳಿಕೆ ಅನ್ಯರ ಕೈಯಲ್ಲಿರುತ್ತದೆ.

ಸ್ಥಳಾಂತರದ ಬಳಿಕ, ಹಳೆಯ ತಾಣವನ್ನು ಮುಚ್ಚುವ ಮುನ್ನ, ರಳವಿರುವ ಪುಟವೊಂದನ್ನು ಬೇರೊಂದು ಗಣಕದಲ್ಲಿ ತೆರೆದು ನೋಡುವುದು ಅಗತ್ಯ. ಸಂಪಾದಕರ ಗಣಕದಲ್ಲಿ ಆ ಅಕ್ಷರವುಳ್ಳ ಮತ್ತೊಂದು ಫಾಂಟ್ ಇದ್ದರೆ ಬ್ರೌಸರ್ ಅದನ್ನೇ ಬಳಸಿ ಕೊರತೆಯನ್ನು ಮರೆಮಾಚಬಹುದು. ಓದುಗರ ಗಣಕದಲ್ಲಿ ಅದು ಇರಲೇಬೇಕೆಂದಿಲ್ಲ.