ಕಲ್ಲಿನ ಓಲೆಗರಿಗಳು: ಸಾಸ್ತಾನದ ದಾರಿಯಲ್ಲಿ ಒಂದು ಚಿಂತನೆ

ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಸಾಸ್ತಾನವು ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿನ ಊರು. ಮಂಗಳೂರಿನ ಕಡೆಯಿಂದ ಕೊಲ್ಲೂರಿಗೆ, ಮುರುಡೇಶ್ವರಕ್ಕೆ, ಗೋಕರ್ಣಕ್ಕೆ ಹೊರಟ ಯಾತ್ರಿಕರ ವಾಹನಗಳು ಇಲ್ಲಿ ನಿಲ್ಲುವುದು ಬಹುಮಟ್ಟಿಗೆ ಸುಂಕ ತೆರುವುದಕ್ಕಷ್ಟೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ಸೀತಾನದಿಯ ಹಿನ್ನೀರು, ಸಮೀಪದಲ್ಲಿಯೇ ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಉತ್ತರಕ್ಕೆ ಸಾಲಿಗ್ರಾಮ ಮತ್ತು ಕೋಟ. ಆ ಕೋಟವೇ 1902ರಲ್ಲಿ ಡಾ. ಶಿವರಾಮ ಕಾರಂತರು ಜನಿಸಿದ ಊರು. ವಿಜ್ಞಾನವನ್ನು ಕನ್ನಡದ ಮಕ್ಕಳ ಕೈಗೆ ಎಟಕುವಂತೆ ತಿಳಿಗನ್ನಡದಲ್ಲಿ ಬರೆದವರಲ್ಲಿ ಅವರು ಅಗ್ರಗಣ್ಯರು. ಅಂಥ ನೆಲದಲ್ಲಿ ನಿಂತು ಕಲ್ಲಿನ ವಿಚಾರವನ್ನು ಕುರಿತು ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಈಗ ಪಳೆಯುಳಿಕೆಗಳ ವಿಷಯವನ್ನು ಬಲ್ಲರು. ಸತ್ತ ಪ್ರಾಣಿಯೋ ಸಸ್ಯವೋ ಕೆಸರಿನಲ್ಲಿ ಹೂತು, ಗಾಳಿ ತಾಗದೆ ಉಳಿದು, ನೀರಿನಲ್ಲಿ ಕರಗಿದ ಖನಿಜಗಳು ಕಣಕಣವಾಗಿ ಅದರೊಳಗೆ ಸೇರಿ, ಕೆಸರು ಕಲ್ಲಾದಾಗ ಅದೂ ಕಲ್ಲಾಗುತ್ತದೆ. ಜೀವ ಹೋದರೂ ರೂಪ ನಿಲ್ಲುತ್ತದೆ. ಸಾಸ್ತಾನದ ಕಲ್ಲಿನಲ್ಲಿ ಅಂಥವು ದೊರೆಯುತ್ತವೆಯೇ ಎಂದು ಕೇಳಿದರೆ ಇಲ್ಲವೆನ್ನಬೇಕು. ಈ ನಾಡಿನ ತಳದಲ್ಲಿರುವುದು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಗಟ್ಟಿ ಶಿಲೆ. ಅದು ಹುಟ್ಟಿದಾಗ ಚಿಪ್ಪಾಗಲಿ ಎಲುಬಾಗಲಿ ಇರುವ ಪ್ರಾಣಿಯೇ ಭೂಮಿಯಲ್ಲಿರಲಿಲ್ಲ. ಮೇಲಿರುವುದು ಮುರಕಲ್ಲು. ಬಿಸಿಲು ಮಳೆಗಳು ಯುಗಯುಗಗಳಿಂದ ಶಿಲೆಯ ಸಾರವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದ ಕಲ್ಲು ಅದು. 1800–01ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯಂತೆ ಕಡಿಯಬಹುದಾದ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಮನೆ ಕಟ್ಟಲು ಇದರಷ್ಟು ಒದಗುವ ಕಲ್ಲಿಲ್ಲ. ನೆನಪನ್ನು ಕಾಪಾಡಲು ಮಾತ್ರ ಇದು ಒದಗದು. ಎಲುಬನ್ನೂ ಚಿಪ್ಪನ್ನೂ ಕರಗಿಸಿಬಿಡುವುದೇ ಇದರ ಗುಣ.

ಆದರೆ ಹಿನ್ನೀರಿನ ಕೆಸರಿನಲ್ಲಿ ಚಿಪ್ಪುಗಳ ರಾಶಿಯುಂಟು. ಅವನ್ನು ತೆಗೆದು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು ಕರಾವಳಿಯ ಹಳೆಯ ಕಸುಬು. ಗೋಡೆಯ ಗಾರೆಗೂ ವೀಳ್ಯದೆಲೆಗೂ ಈ ಸುಣ್ಣವೇ ಆಗಿತ್ತು. ಅದೇ ಚಿಪ್ಪು ಸುಡದೆ, ಕೆಸರಿನ ಪದರಗಳ ಕೆಳಗೆ ಲಕ್ಷೋಪಲಕ್ಷ ವರ್ಷ ಉಳಿದರೆ ಪಳೆಯುಳಿಕೆಯಾದೀತು.

ಸಾಸ್ತಾನದಿಂದ ದಕ್ಷಿಣಕ್ಕೆ ಸಾಗಿ ಮಲ್ಪೆಯ ಬಂದರನ್ನು ಸೇರಿ, ಅಲ್ಲಿಂದ ದೋಣಿಯಲ್ಲಿ ಸುಮಾರು ಆರು ಕಿಲೋಮೀಟರ್ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಮಳೆಗಾಲದಲ್ಲಿ ಈ ದೋಣಿಗಳು ನಿಂತಿರುತ್ತವೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಈ ಹೆಸರಿಟ್ಟನೆಂದು ಪ್ರತೀತಿ. ತೆಂಗಿನ ದ್ವೀಪದಲ್ಲಿ ಕಾಲಿಟ್ಟೊಡನೆ ಕಾಣುವುದು ಶಿಲ್ಪಿಯೊಬ್ಬನು ಅಳೆದು ಕಡೆದು ನಿಲ್ಲಿಸಿದಂತಿರುವ ಕಂಬಗಳು: ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವೂ ಕೆಲವು. ಇದು ಯಾರ ಕೈಕೆಲಸವೂ ಅಲ್ಲ. ಭೂಗರ್ಭದಿಂದ ಉಕ್ಕಿದ ಕರಗಿದ ಶಿಲೆ ತಣಿಯುವಾಗ ಕುಗ್ಗಿತು. ಬೇಸಿಗೆಯಲ್ಲಿ ಕೆರೆಯ ಅಂಗಳ ಬಿರಿಯುವಂತೆ ಬಿರಿಯಿತು. ಬಿರುಕು ಮೇಲಿನಿಂದ ಕೆಳಕ್ಕೆ ಇಳಿದಂತೆ ಕಂಬಗಳು ಮೂಡಿದುವು. ವಿಜ್ಞಾನಿಗಳ ಗಣನೆಯಂತೆ ಇದು ನಡೆದುದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದರಿಂದೊಂದು ಅಗಲಿದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಈ ದ್ವೀಪಸಮೂಹದಲ್ಲಿಯೇ ದರಿಯಾ ಬಹಾದ್ದೂರ್‌ಗಡವೆಂಬುದೊಂದಿದೆ. ಅಲ್ಲಿ ಕೋಟೆಯನ್ನು ಕಟ್ಟಿಸಿದವನು ಕೆಳದಿಯ ಬಸಪ್ಪನಾಯಕ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ವೀರರಾಣಿ ಚೆನ್ನಮ್ಮಾಜಿಯ ದತ್ತುಪುತ್ರನೀತ. ಖಡ್ಗವನ್ನು ಹಿಡಿದ ಕೈಯಲ್ಲಿಯೇ ಲೇಖನಿಯನ್ನೂ ಹಿಡಿದು, 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದವನು. ತನಗೆ ತಿಳಿದ ಶಾಸ್ತ್ರಗಳನ್ನೆಲ್ಲ ಒಂದೆಡೆ ಕೂಡಿಸಿಡಬೇಕೆಂಬ ಹಂಬಲ ಅವನದು. ತನ್ನ ಕೋಟೆಯ ದ್ವೀಪಸಮೂಹವು ಎಷ್ಟು ಪುರಾತನವಾದುದೆಂದು ತಿಳಿದಿದ್ದರೆ, ಆ ಗ್ರಂಥಕ್ಕೆ ಇನ್ನೊಂದು ಅಧ್ಯಾಯ ಸೇರುತ್ತಿದ್ದಿತೋ ಏನೋ.

ಬೆಂಕಿಯಿಂದ ಹುಟ್ಟಿದ ಕಲ್ಲಾದುದರಿಂದ ಈ ದ್ವೀಪದಲ್ಲಿಯೂ ಪಳೆಯುಳಿಕೆಗಳನ್ನು ಅರಸುವಂತಿಲ್ಲ. ಅವನ್ನು ನೋಡಬೇಕಾದರೆ ಘಟ್ಟವನ್ನು ಹತ್ತಬೇಕು. ನಮ್ಮ ಪವಿತ್ರಕ್ಷೇತ್ರ ಕೂಡಲಸಂಗಮವಿರುವ ಬಾಗಲಕೋಟೆ ಜಿಲ್ಲೆಯ ಸುಣ್ಣಕಲ್ಲುಗಳಲ್ಲಿ, ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಗುಡ್ಡೆಗಳ ಗುರುತುಗಳಿವೆ. ಅವಕ್ಕೆ ಸ್ಟ್ರೊಮಾಟೊಲೈಟ್ ಎಂದು ಹೆಸರು. ಗೋಕಾಕದ ಬಳಿ ರಾಬರ್ಟ್ ಬ್ರೂಸ್ ಫುಟ್ ಖಡ್ಗಮೃಗದ ಎಲುಬುಗಳನ್ನು ಕಂಡು, 1874ರಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಇಂದು ಜೋಳ, ಕಬ್ಬು ಬೆಳೆಯುವ ಆ ಬಯಲಿನಲ್ಲಿ ಒಂದು ಕಾಲಕ್ಕೆ ಖಡ್ಗಮೃಗಗಳು ಮೇಯುತ್ತಿದ್ದುವು!

ದೊರೆತುದೆಲ್ಲ ಉಳಿಯುವುದಿಲ್ಲ, ಉಳಿಸುವವರು ಬೇಕು. ಇದಕ್ಕೆ ನಿದರ್ಶನವಾಗಿ ಲಖನೌ ನಗರದ ಪಳೆಯುಳಿಕೆಗಳ ಮಂದಿರದ ಚರಿತ್ರೆಯನ್ನು ಹೇಳಬೇಕು. 1891ರಲ್ಲಿ ಪಂಜಾಬಿನ ಭೇರಾದಲ್ಲಿ ಜನಿಸಿದ ಬೀರಬಲ್ ಸಾಹ್ನಿಯವರು 1921ರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಕಲ್ಲಾದ ಗಿಡಮರಗಳನ್ನು ಸಂಗ್ರಹಿಸಿ ಅಭ್ಯಸಿಸುವುದೇ ಅವರ ತಪಸ್ಸಾಯಿತು. ಖಂಡಗಳು ಸರಿದವೆಂಬ ವಾದವನ್ನು ಸಸ್ಯಗಳ ಪಳೆಯುಳಿಕೆಗಳಿಂದ ಒರೆಗೆ ಹಚ್ಚಿದವರಲ್ಲಿ ಅವರೂ ಒಬ್ಬರು. ಗ್ಲಾಸಾಪ್ಟೆರಿಸ್ ಎಂಬ ಪುರಾತನ ಗಿಡದ ಎಲೆಯಚ್ಚು ಭಾರತದಲ್ಲಿಯೂ ಆಫ್ರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ದೊರೆಯುತ್ತದೆ. ಅಲ್ಲಿನ ಎಲೆಯೂ ಮಲ್ಪೆಯ ಕಂಬವೂ, ಈ ನೆಲಗಳೆಲ್ಲ ಒಮ್ಮೆ ಕೂಡಿದ್ದುವೆಂಬ ಒಂದೇ ಕಥೆಗೆ ಸಾಕ್ಷಿ ನುಡಿಯುತ್ತವೆ.

1946ರಲ್ಲಿ ಸಾಹ್ನಿಯವರು ಈ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲಿಗೆ ಅದರ ನೆಲೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗವೇ. ಅವರೂ ಅವರ ಪತ್ನಿ ಸಾವಿತ್ರಿಯವರೂ ತಮ್ಮ ಪಳೆಯುಳಿಕೆಗಳನ್ನೂ ಗ್ರಂಥಗಳನ್ನೂ ಆಸ್ತಿಯನ್ನೂ ಅದಕ್ಕೆ ಅರ್ಪಿಸಿದರು. ಹೊಸ ಕಟ್ಟಡದ ಅಡಿಗಲ್ಲನ್ನು ಬೇರೆ ಬೇರೆ ಕಾಲಗಳ ಪಳೆಯುಳಿಕೆಗಳನ್ನು ಕೂಡಿಸಿಯೇ ಮಾಡಲಾಗಿತ್ತು. 1949ರ ಏಪ್ರಿಲ್ 3ರಂದು ಪಂಡಿತ ಜವಾಹರಲಾಲ ನೆಹರೂ ಅವರು ಅದನ್ನಿರಿಸಿದರು. ಒಂದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 10ರಂದು, ಸಾಹ್ನಿಯವರು ದಿವಂಗತರಾದರು. ಅಡಿಗಲ್ಲು ಅಡಿಗಲ್ಲಾಗಿಯೇ ಉಳಿಯಬಹುದಾಗಿತ್ತು. ಆದರೆ ಸಾವಿತ್ರಿಯವರು ಶೋಕವನ್ನು ನುಂಗಿಕೊಂಡು ಆ ಕಾರ್ಯವನ್ನು ಹೊತ್ತು ನಡೆಸಿದರು. 1953ರ ಜನವರಿಯಲ್ಲಿ ಕಟ್ಟಡವು ಉದ್ಘಾಟನೆಗೊಂಡಿತು. ಇಂದು ಆ ಸಂಸ್ಥೆ ಬೀರಬಲ್ ಸಾಹ್ನಿಯವರ ಹೆಸರಿನಲ್ಲಿಯೇ ನಡೆಯುತ್ತಿದ್ದು, ಅದರ ಸಂಗ್ರಹಾಲಯ ಜಗತ್ತಿನ ವಿದ್ವಾಂಸರಿಗೆ ಉಪಯುಕ್ತವಾಗಿದೆ. ಸತಿಪತಿಗಳೊಂದಾಗಿ ಮಾಡಿದ ಭಕ್ತಿಯ ಹಿರಿಮೆಯನ್ನು ಬಲ್ಲ ನಮಗೆ ಇದು ಪರಿಚಿತವಾದ ಆದರ್ಶವೇ ಸರಿ.

ನಮ್ಮಲ್ಲಿಯೂ ಇಂಥದೊಂದು ತಪಸ್ಸು ನಡೆದಿದೆ. ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಗಳ ಜಗುಲಿಯಲ್ಲಿ ಪೂಜೆಗೊಳ್ಳುತ್ತ ಹುಳುವಿಗೆ ಆಹಾರವಾಗುತ್ತಿದ್ದ ಓಲೆಗರಿಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅವರಿಲ್ಲದಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದುವೋ! ಮಠದಲ್ಲಿ ಓದುವಾಗ ಓಲೆಯ ಕಟ್ಟುಗಳನ್ನು ಬಿಚ್ಚಿ ಕಟ್ಟಿದ ನನಗೆ ತಿಳಿದಿರುವ ಒಂದು ಮಾತನ್ನು ಇಲ್ಲಿ ಹೇಳಬೇಕು. ಯಾವ ಊರಿನದು, ಯಾರ ಮನೆಯದು ಎಂಬ ಚೀಟಿಯಿರುವ ಕಟ್ಟು ತನ್ನ ವಂಶವನ್ನೇ ಹೇಳುತ್ತದೆ. ಚೀಟಿ ಕಳೆದ ಕಟ್ಟು ಅಕ್ಷರಗಳಿದ್ದರೂ ಅರ್ಧ ಮೂಕ. ಕಲ್ಲಿಗಂತೂ ಅಕ್ಷರಗಳೇ ಇಲ್ಲ. ಎಲ್ಲಿ, ಯಾವ ಪದರದಲ್ಲಿ ದೊರೆಯಿತೆಂಬ ಬರಹ ತಪ್ಪಿದರೆ ಪಳೆಯುಳಿಕೆಯು ಬರಿಯ ಕಲ್ಲು.

ಭೂಮಿಯ ವಯಸ್ಸನ್ನು ಕೋಟಿಗಳಲ್ಲಿ ಹೇಳುವ ಈ ವಿದ್ಯೆಯಿಂದ ಮಕ್ಕಳ ಶ್ರದ್ಧೆ ಸಡಿಲಗೊಂಡೀತೆಂದು ಕೆಲವು ಹಿರಿಯರು ಅಳುಕುವುದುಂಟು. ಈ ಅಳುಕಿಗೆ ಕಾರಣವಿಲ್ಲ. ಶರಣರು ಕೇಳಿದುದಕ್ಕಿಂತ ಕಂಡುದನ್ನು, ಕಂಡುದಕ್ಕಿಂತ ಅನುಭವಿಸಿ ಅರಿತುದನ್ನು ಮೇಲೆಂದು ಎಣಿಸಿದವರು, ಅರಿವನ್ನೇ ಗುರುವೆಂದವರು. ಪ್ರಶ್ನೆ ಕೇಳುವ ಮಗುವಿಗೆ ಸುಮ್ಮನಿರೆಂದು ಗದರುವುದೇ ಅವರ ಮಾರ್ಗಕ್ಕೆ ವಿರುದ್ಧವಾದುದು. ಸ್ಥಾವರದ ಪ್ರತೀಕವೆಂದು ನಾವು ತಿಳಿದ ಕಲ್ಲು ಕೂಡ ಚಲಿಸಿದೆ, ಕರಗಿದೆ, ಅಗಲಿದೆ ಎಂಬುದನ್ನು ಕಂಡ ಮೇಲೆ ಜಂಗಮತತ್ತ್ವವು ಇನ್ನಷ್ಟು ಆಳವಾಗಿ ತೋರುವುದಲ್ಲದೆ ಕಿರಿದಾಗಿ ತೋರದು.

ಆದುದರಿಂದ ಕೊಲ್ಲೂರಿಗೋ ಗೋಕರ್ಣಕ್ಕೋ ಹೋಗುವ ನಮ್ಮ ಕುಟುಂಬಗಳು ಮಳೆಗಾಲ ಕಳೆದ ಮೇಲೆ ಒಂದು ದಿನವನ್ನು ಮಲ್ಪೆಯ ದ್ವೀಪಕ್ಕೆ ಮೀಸಲಿಡಲಿ. ಕಂಬಗಳ ಮೇಲೆ ಹೆಸರು ಕೆತ್ತುವುದಾಗಲಿ, ಚಿಪ್ಪು ಕಲ್ಲುಗಳನ್ನು ಚೀಲಕ್ಕೆ ತುಂಬುವುದಾಗಲಿ ಬೇಡ. ನೋಡಿದುದನ್ನು ಮಕ್ಕಳು ದಿನಾಂಕಸಹಿತ ಬರೆದಿಡಲಿ. ನಮ್ಮ ಮಠಗಳು ನಡೆಸುವ ಶಾಲೆಗಳಲ್ಲಿ ಒಂದು ಕಪಾಟು, ಅದರಲ್ಲಿ ಆಯಾ ಊರಿನ ಹೊಲದಲ್ಲಿ, ತೊರೆಯಲ್ಲಿ ದೊರೆತ ಹತ್ತಾರು ಕಲ್ಲುಗಳು, ಪ್ರತಿಯೊಂದಕ್ಕೂ ಒಂದು ಚೀಟಿ: ಇಷ್ಟಾದರೆ ಸಾಕು. ಲಖನೌದ ಮಂದಿರವೂ ಒಬ್ಬ ಅಧ್ಯಾಪಕರ ಸಂಗ್ರಹದಿಂದಲೇ ಬೆಳೆಯಿತು.